ಅರಗಿನ ತಟ್ಟೆ ಮತ್ತು ತೋಟದ ಹಾಡು: ಮಂಜರಾಬಾದ್ ಸೀಮೆಯ ನೆಲೆಯಿಂದ ನೃತ್ಯವಾದ್ಯದ ಧ್ವನಿಮುದ್ರಿಕೆಗಳು

ಹಾಸನ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿರುವ ಸಕಲೇಶಪುರದ ಸೀಮೆಗೆ ಮಂಜರಾಬಾದ್ ಎಂಬ ಹೆಸರು ನಿಂತದ್ದು 1792ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ನಕ್ಷತ್ರಾಕಾರದ ಕೋಟೆಯಿಂದ. ಕೋಟೆ ಎದ್ದು ಅರ್ಧ ಶತಮಾನ ಕಳೆಯುವ ಹೊತ್ತಿಗೆ ಈ ಬೆಟ್ಟಗಳಿಗೆ ಯುರೋಪಿಯನ್ ಕಾಫಿ ಬೆಳೆಗಾರರು ಕಾಲಿಟ್ಟರು. 1843ರಲ್ಲಿ ಗ್ರೀನ್ ಎಂಬಾತ ಇಲ್ಲಿ ತೋಟ ತೆರೆದನು. 1850ರ ದಶಕದಲ್ಲಿ ಬಂದು ನೆಲೆಸಿದ ರಾಬರ್ಟ್ ಎಲಿಯಟ್, ಮೈಸೂರು ಸೀಮೆಯ ಚಿನ್ನ, ಬೇಟೆ ಹಾಗೂ ಕಾಫಿ ಕೃಷಿಯನ್ನು ಕುರಿತು 1894ರಲ್ಲಿ ಪ್ರಕಟಿಸಿದ ಗ್ರಂಥ ಈ ಪ್ರದೇಶದ ಅಧ್ಯಯನಕ್ಕೆ ಇಂದಿಗೂ ಒಂದು ಆಕರ. 1893ರಲ್ಲಿ ಸಕಲೇಶಪುರದಲ್ಲಿ ಮಂಜರಾಬಾದ್ ಕ್ಲಬ್ಬು ಸ್ಥಾಪನೆಯಾಯಿತು. ಹೀಗೆ ತೋಟ, ಬಂಗಲೆ, ಕ್ಲಬ್ಬು ಮತ್ತು ಕೂಲಿಯಾಳುಗಳ ಲೈನು ಎಂಬ ನಾಲ್ಕು ನೆಲೆಗಳ ಒಂದು ಹೊಸ ಲೋಕ, ಸುಗ್ಗಿ ಕಟ್ಟೆಗಳೂ ದೇವರ ಬನಗಳೂ ಇದ್ದ ಹಳೆಯ ಲೋಕದ ಮಗ್ಗುಲಲ್ಲಿಯೇ ತಲೆಯೆತ್ತಿತು. ಸಕಲೇಶಪುರಕ್ಕೆ ಹೊಂದಿಕೊಂಡ ಆಲೂರಿನ ಗುಡ್ಡಗಳಲ್ಲಿ ಗದ್ದೆಯ ಬೇಸಾಯ ಹೆಚ್ಚು. ಆದರೂ ಕೆಂಚಮ್ಮನ ಹೊಸಕೋಟೆಯ ಕಡೆಯ ಊರುಗಳಿಗೂ ಕಾಫಿಯ ನೆರಳು ಹಬ್ಬಿತು.

ಈ ಎರಡು ಲೋಕಗಳ ಸಂಗೀತಗಳ ಪೈಕಿ ಯಾವುದು ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿತವಾಯಿತು, ಯಾವುದು ಮುದ್ರಿತವಾಗಲಿಲ್ಲ, ಹಾಗೆ ಆಗುವುದಕ್ಕೆ ಕಾರಣವೇನು ಎಂಬುದು ಪ್ರಸ್ತುತ ಲೇಖನದ ವಿಚಾರ. ಗ್ರಾಮಫೋನನ್ನು ಕುರಿತ ಕನ್ನಡದ ಬರಹಗಳು ಸಾಮಾನ್ಯವಾಗಿ ಶಾಸ್ತ್ರೀಯ ಸಂಗೀತ ಹಾಗೂ ರಂಗಗೀತೆಗಳ ಸುತ್ತಲೇ ಸುಳಿದಾಡುತ್ತವೆ. ಜಾಜ್ ಮತ್ತು ಡಾನ್ಸ್ ಬ್ಯಾಂಡ್ ಎಂದು ಕರೆಯಲಾದ ನೃತ್ಯವಾದ್ಯ ಮೇಳಗಳ ತಟ್ಟೆಗಳನ್ನು ಪರದೇಶದ ಸರಕೆಂದು ಬದಿಗಿಡುವುದು ವಾಡಿಕೆ. ಜಾನಪದ ಅಧ್ಯಯನದ ದೃಷ್ಟಿಯಿಂದ ಈ ವಾಡಿಕೆ ಸರಿಯಾದುದಲ್ಲ. ಆ ತಟ್ಟೆಗಳ ಒಡಲಿನ ದ್ರವ್ಯವೇ ಈ ದೇಶದ ಕಾಡಿನದು. ಅವುಗಳೊಳಗಿನ ಸಂಗೀತದ ಬೇರುಗಳು ತೋಟದ ಕೂಲಿಗಾರರ ದನಿಯಲ್ಲಿವೆ.

ಮೊದಲಿಗೆ ದ್ರವ್ಯದ ಮಾತು. ನಿಮಿಷಕ್ಕೆ ಸುಮಾರು 78 ಸುತ್ತು ತಿರುಗುವ ಹಳೆಯ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ. ಅರಗಿನ ಕೀಟ ಮರದ ಎಳೆಯ ರೆಂಬೆಗಳಲ್ಲಿ ಒಸರುವ ಅಂಟನ್ನು ಕೆರೆದು, ತೊಳೆದು, ಕರಗಿಸಿ, ತೆಳುವಾದ ಹಾಳೆಯಾಗಿ ಎಳೆದರೆ ಶೆಲ್ಯಾಕ್ ಸಿದ್ಧವಾಗುತ್ತದೆ. ತಟ್ಟೆಯಲ್ಲಿ ಅದರ ಪಾಲು ಮೂರನೆಯ ಒಂದಂಶಕ್ಕಿಂತ ಹೆಚ್ಚಿರುತ್ತಿರಲಿಲ್ಲ. ಉಳಿದದ್ದು ಕಲ್ಲಿನ ಪುಡಿ, ಕಾಡಿಗೆ ಮತ್ತು ಹತ್ತಿಯ ನಾರು. ಆದರೆ ಇಷ್ಟನ್ನೂ ಹಿಡಿದು ನಿಲ್ಲಿಸುವ ಅಂಟು ಅರಗೇ. ಅರಗಿನ ಮನೆಯ ಕಥೆಯನ್ನು ಬಲ್ಲ ನಾಡಿಗೆ, ಚನ್ನಪಟ್ಟಣದ ಬೊಂಬೆಗಳ ಬಣ್ಣವನ್ನು ಕಂಡ ನಾಡಿಗೆ ಇದು ಅಪರಿಚಿತ ವಸ್ತುವಲ್ಲ. ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಅರಗು ಬೆಳೆಯುತ್ತಿತ್ತು. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ಮಹದಿಹಸನ್ ಅರಗಿನ ಕೀಟಗಳನ್ನು ಕುರಿತು ಸಂಶೋಧನೆ ನಡೆಸಿದರು. ವ್ಯಾಪಾರದ ಮುಖ್ಯ ನೆಲೆ ಮಾತ್ರ ಛೋಟಾನಾಗಪುರದ ಕಾಡುಗಳು. ಅಲ್ಲಿನ ಆದಿವಾಸಿಗಳು ಮುತ್ತುಗ ಮೊದಲಾದ ಮರಗಳಿಂದ ಇಳಿಸಿದ ಅರಗು ಕಲ್ಕತ್ತೆಯ ಬಂದರಿನ ಮೂಲಕ ಲೋಕಕ್ಕೆಲ್ಲ ಹೋಗುತ್ತಿತ್ತು. ಎರಡನೆಯ ಮಹಾಯುದ್ಧದಲ್ಲಿ ಈ ಹಾದಿಗೆ ಅಪಾಯ ಒದಗಿದಾಗ, 1942ರಲ್ಲಿ ಅಮೆರಿಕೆಯ ಸರ್ಕಾರ ತಟ್ಟೆಗಳ ತಯಾರಿಕೆಗೆ ಬಳಸಬಹುದಾದ ಅರಗನ್ನು ಶೇಕಡಾ 70ರಷ್ಟು ಕಡಿತಗೊಳಿಸಿತು. ಭಾರತದ ಕಾಡಿನ ಅಂಟು ಸಿಗದಿದ್ದರೆ ನ್ಯೂಯಾರ್ಕಿನ ಹಾಡು ಮಾರುಕಟ್ಟೆಗೆ ಬರುವಂತಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಭಾರತದಲ್ಲಿ ಧ್ವನಿಮುದ್ರಣದ ವ್ಯಾಪಾರ ನೆಲೆಗೊಂಡದ್ದು 1902ರ ಕೊನೆಯಲ್ಲಿ, ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ ಮೇಲೆ. ಆಗ ತಟ್ಟೆಗಳನ್ನು ಒತ್ತುತ್ತಿದ್ದುದು ಜರ್ಮನಿಯ ಹಾನೋವರ್‌ನಲ್ಲಿ. ಹಾಡಿನ ಕೊನೆಯಲ್ಲಿ ಗಾಯಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವ ರೂಢಿ ಬಂದುದಕ್ಕೆ ಈ ದೂರವೇ ಕಾರಣ. ಯಾವ ಮುದ್ರಿಕೆ ಯಾರದೆಂದು ಅಲ್ಲಿನವರಿಗೆ ತಿಳಿಯಬೇಕಾಗಿತ್ತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ, 1928ರಲ್ಲಿ ಡಂಡಂನಲ್ಲಿ ಕಾರ್ಖಾನೆಗಳಾದವು. ಅದೇ 1928ರಲ್ಲಿ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಭಾರತದ ತಟ್ಟೆಗಳ ಚರಿತ್ರೆಯನ್ನು ತೆರೆದ ಕಂಠ ಮೈಸೂರು ಸಂಸ್ಥಾನದ ಮಣ್ಣಿನಲ್ಲಿ ಮೌನವಾದದ್ದು ಕಾಕತಾಳೀಯವಿರಬಹುದು. ಆದರೂ ಸ್ಮರಣೀಯ.

ಜಾಜ್ ಸಂಗೀತದ ಮೊದಲ ತಟ್ಟೆ ಹೊರಬಂದದ್ದು 1917ರಲ್ಲಿ, ಅಮೆರಿಕೆಯಲ್ಲಿ. ಅದನ್ನು ನುಡಿಸಿದವರು ಬಿಳಿಯರ ಮೇಳದವರು. ಸಂಗೀತ ಮಾತ್ರ ನ್ಯೂ ಆರ್ಲಿಯನ್ಸಿನ ಆಫ್ರಿಕನ್ ಅಮೆರಿಕನ್ನರದು. ಅದರ ಹಿಂದೆ ಹತ್ತಿಯ ತೋಟಗಳಲ್ಲಿ ದುಡಿದ ಗುಲಾಮರ ಹಾಗೂ ಅವರ ಮಕ್ಕಳ ಕೆಲಸದ ಹಾಡುಗಳಿವೆ. ಒಬ್ಬ ಎತ್ತಿಕೊಟ್ಟರೆ ಉಳಿದವರು ಒಪ್ಪಿಸುವ ಕ್ರಮ, ಕೈಕಾಲುಗಳ ಚಲನೆಗೆ ಕಟ್ಟುಬಿದ್ದ ಲಯ, ಹಾಡುತ್ತ ಹಾಡುತ್ತಲೇ ಹೊಸತನ್ನು ಹೊಸೆಯುವ ಸ್ವಾತಂತ್ರ್ಯ ಇವೆಲ್ಲ ಅಲ್ಲಿಂದ ಬಂದವು. ಜಾನಪದ ವಿದ್ಯಾರ್ಥಿಗೆ ಈ ಮೂರೂ ಲಕ್ಷಣಗಳು ಚಿರಪರಿಚಿತ. ನಾಟಿಯ ಗದ್ದೆಯಲ್ಲಿ, ಸೋಬಾನೆಯ ಚಪ್ಪರದಲ್ಲಿ, ಸುಗ್ಗಿಯ ಸುತ್ತಿನಲ್ಲಿ ಕಾಣುವುದೂ ಇವನ್ನೇ.

ಈ ಸಂಗೀತ ಹತ್ತು ವರ್ಷದೊಳಗೆ ಭಾರತಕ್ಕೆ ಬಂತು. 1926ರಲ್ಲಿ ಕೆನಡಾದ ತುತ್ತೂರಿ ವಾದಕ ಜಿಮ್ಮಿ ಲೆಕ್ವಿಮ್ ಅವರ ನೇತೃತ್ವದ ಗ್ರ್ಯಾಂಡ್ ಹೋಟೆಲ್ ಮೇಳ ಕಲ್ಕತ್ತೆಯಲ್ಲಿ ಎಚ್.ಎಂ.ವಿ.ಗಾಗಿ ನುಡಿಸಿದ ತಟ್ಟೆಯನ್ನು ಭಾರತದಲ್ಲಿ ಮುದ್ರಿತವಾದ ಜಾಜ್‌ನ ಆರಂಭವೆಂದು ಗುರುತಿಸಲಾಗುತ್ತದೆ. 1935ರಲ್ಲಿ ಲಿಯಾನ್ ಆಬಿ ಅವರ ಆಫ್ರಿಕನ್ ಅಮೆರಿಕನ್ ಮೇಳ ಮುಂಬಯಿಯ ತಾಜ್ ಮಹಲ್ ಹೋಟೆಲಿಗೆ ಬಂದಿತು. ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಕಲ್ಕತ್ತೆಯಲ್ಲಿ ನೆಲೆನಿಂತು, ಯುದ್ಧದ ವರ್ಷಗಳಲ್ಲಿ ಕೊಲಂಬಿಯಾ ಕಂಪನಿಗೆ ನುಡಿಸಿ, 1945ರಲ್ಲಿ ಕಾಲರಾದಿಂದ ಅಲ್ಲಿಯೇ ಮಡಿದರು. ಇವರ ಬಳಿ ಕುಳಿತು ಕಲಿತವರಲ್ಲಿ ಗೋವೆಯ ಕ್ರೈಸ್ತ ವಾದಕರು ಮುಖ್ಯರು. ಇಗರ್ಜಿಯ ಶಾಲೆಗಳಲ್ಲಿ ಸ್ವರಲಿಪಿ ಓದಲು ಕಲಿತಿದ್ದ ಅವರಿಗೆ ಈ ವಿದ್ಯೆ ಬಲುಬೇಗ ಒಲಿಯಿತು. ಚಿಕ್ ಚಾಕೊಲೇಟ್ ಎಂದು ಹೆಸರಾದ ಆಂಟೋನಿಯೋ ಜೇವಿಯರ್ ವಾಜ್, ಫ್ರಾಂಕ್ ಫರ್ನಾಂಡ್, 1939ರಿಂದ ಸುಮಾರು ಎರಡು ದಶಕ ತಾಜ್ ಹೋಟೆಲಿನ ಮೇಳವನ್ನು ನಡೆಸಿದ ಮಿಕಿ ಕೊರಿಯಾ ಈ ಪೀಳಿಗೆಯ ಗಣ್ಯರು.

ಮುಂಬಯಿ, ಕಲ್ಕತ್ತೆಗಳ ಹೋಟೆಲಿನಲ್ಲಿ ಮೇಳವೇ ಎದುರಿಗಿರುತ್ತಿತ್ತು. ತೋಟದ ಬಂಗಲೆಗೆ ಮೇಳವನ್ನು ಕರೆಸುವಂತಿರಲಿಲ್ಲ. ಮಂಜರಾಬಾದಿನ ಬೆಟ್ಟಗಳಿಗೆ ಆ ಕಾಲದಲ್ಲಿ ರೈಲುದಾರಿಯೇ ಇರಲಿಲ್ಲ. ಮಂಗಳೂರು-ಹಾಸನ ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿಯನ್ನು ಆರಂಭಿಸಿದರೂ ವಿದ್ಯುತ್ತಿಲ್ಲದ ಮಲೆನಾಡಿನಲ್ಲಿ ರೇಡಿಯೋ ಕೇಳುವುದೆಂದರೆ ಬ್ಯಾಟರಿಯ ಪಾಡು. ಕೀಲಿ ಕೊಟ್ಟರೆ ಹಾಡುವ ಗ್ರಾಮಫೋನಿಗೆ ಇಂಥ ಯಾವ ಹಂಗೂ ಇಲ್ಲ. ಜೂನ್ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಸುರಿಯುವ ಮಳೆಯಲ್ಲಿ ಒಂದು ತೋಟದಿಂದ ಇನ್ನೊಂದು ತೋಟಕ್ಕೆ ಹೋಗುವುದೇ ಪ್ರಯಾಸವಾಗಿದ್ದಾಗ ಮೇಳವೊಂದನ್ನು ಪೆಟ್ಟಿಗೆಯಲ್ಲಿಟ್ಟು ತರುವ ಉಪಾಯ ಇದೊಂದೇ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ. ಮಗ್ಗುಲು ಬದಲಾದಂತೆಲ್ಲ ಉಕ್ಕಿನ ಮುಳ್ಳನ್ನೂ ಬದಲಿಸಬೇಕು, ಕೀಲಿಯನ್ನೂ ತಿರುಗಿಸಬೇಕು.

ಈ ಮೂರು ನಿಮಿಷದ ಮಿತಿ ಸಂಗೀತದ ಆಕಾರವನ್ನೇ ತಿದ್ದಿತು. ಹೋಟೆಲಿನಲ್ಲಿ ಕುಣಿಯುವವರು ದಣಿಯುವವರೆಗೆ ಬೆಳೆಯಬಲ್ಲ ಗತ್ತೊಂದು ತಟ್ಟೆಗೆ ಬರುವಾಗ ಪೀಠಿಕೆ, ಹಾಡಿನ ಒಂದು ಸುತ್ತು, ತುತ್ತೂರಿಯ ಒಂದು ಕಿರುವಿಸ್ತಾರ, ಮುಕ್ತಾಯ ಎಂದು ಕತ್ತರಿಸಿಕೊಳ್ಳಬೇಕಾಗಿತ್ತು. ತಟ್ಟೆಯ ನಡುವಿನ ಚೀಟಿಯನ್ನು ಗಮನಿಸಿದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಹಾಡಿನ ಹೆಸರಿನ ಜೊತೆಗೆ ಫಾಕ್ಸ್‌ಟ್ರಾಟ್, ವಾಲ್ಟ್ಜ್, ಕ್ವಿಕ್‌ಸ್ಟೆಪ್ ಎಂದು ಕುಣಿತದ ಜಾತಿಯನ್ನು ಅಲ್ಲಿ ಅಚ್ಚು ಹಾಕಿರುತ್ತಾರೆ. ಕೊಳ್ಳುವವನಿಗೆ ಬೇಕಾದದ್ದು ರಾಗದ ಹೆಸರಲ್ಲ, ಕಾಲು ಹೇಗೆ ಇಡಬೇಕೆಂಬ ಸೂಚನೆ. ನಮ್ಮ ಜನಪದರು ಬೀಸುವ ಪದ, ನಾಟಿ ಪದ, ಸುಗ್ಗಿ ಪದ ಎಂದು ಹೆಸರಿಡುವುದೂ ಇದೇ ತರ್ಕದಿಂದ. ಹಾಡು ಯಾವ ಕೆಲಸಕ್ಕೆ, ಮೈಯ ಯಾವ ಚಲನೆಗೆ ಎಂಬುದೇ ಅದರ ಹೆಸರು. ಶಾಸ್ತ್ರೀಯ ಸಂಗೀತದ ಅಳತೆಗೋಲಿನಿಂದ ನೋಡುವವರಿಗೆ ನೃತ್ಯವಾದ್ಯದ ತಟ್ಟೆಗಳು ಹಗುರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅದೇ ಅಳತೆಗೋಲು ಬಹುಕಾಲ ಜನಪದ ಗೀತೆಯನ್ನೂ ಹಗುರವೆಂದೇ ತೂಗಿತ್ತು.

ಬಂಗಲೆಯಿಂದ ಲೈನಿನ ಕಡೆಗೆ ಇಳಿದರೆ ಚಿತ್ರ ಬದಲಾಗುತ್ತದೆ. ಬಯಲುಸೀಮೆಯಿಂದ, ಘಟ್ಟದ ಕೆಳಗಿನ ದಕ್ಷಿಣ ಕನ್ನಡದಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳ ಮುಂಗಡ ಹಣಕ್ಕೆ ಕಟ್ಟುಬಿದ್ದು ಬಂದ ಕೂಲಿಗಾರರು ಕಾಫಿ ಹಣ್ಣಿನ ಕುಯ್ಲು ಮುಗಿಯುವವರೆಗೆ ಈ ಲೈನುಗಳಲ್ಲಿ ಇರುತ್ತಿದ್ದರು. ಹಾಸನದಲ್ಲಿ ಜನಿಸಿದ ರಾಜಾರಾವ್ ತಮ್ಮ ‘ಕಾಂತಾಪುರ’ ಕಾದಂಬರಿಯಲ್ಲಿ 1938ರಷ್ಟು ಹಿಂದೆಯೇ ಸ್ಕೆಫಿಂಗ್ಟನ್ ಎಂಬ ಕಾಫಿ ತೋಟದ ನೆಪದಲ್ಲಿ ಈ ಬದುಕನ್ನು ಚಿತ್ರಿಸಿದ್ದಾರೆ. ಕೂಲಿಗಾರರೊಡನೆ ಅವರ ಹಾಡುಗಳೂ ಘಟ್ಟ ಹತ್ತಿದವು. ತುಳುವರ ಪಾಡ್ದನ ಗದ್ದೆಯ ನಾಟಿಯಲ್ಲಿ ಹೆಣ್ಣುಮಕ್ಕಳು ಹಾಡುವ ದೀರ್ಘ ಕಥನ. ಒಬ್ಬಾಕೆ ಎತ್ತಿಕೊಡುತ್ತಾಳೆ, ಸಾಲಿನವರು ಒಪ್ಪಿಸುತ್ತಾರೆ. ಅಮೆರಿಕೆಯ ಹತ್ತಿ ತೋಟದಲ್ಲಿ ಹುಟ್ಟಿದ ಕ್ರಮವನ್ನು ಬಂಗಲೆಯ ಜಗಲಿಯಲ್ಲಿ ಗ್ರಾಮಫೋನು ಕೇಳಿಸುತ್ತಿದ್ದಾಗ, ಅದಕ್ಕೆ ಒಡಹುಟ್ಟಾದ ಕ್ರಮ ಕೆಳಗಿನ ಗದ್ದೆಯಲ್ಲಿ ಯಾವ ಯಂತ್ರದ ಗೊಡವೆಯೂ ಇಲ್ಲದೆ ನಡೆದಿತ್ತು. ಒಂದು ತೋಟದ ದುಡಿಮೆಗಾರರ ಹಾಡಿನ ಸಂತಾನ ಲೋಕಪ್ರಸಿದ್ಧವಾಗಿ ಇನ್ನೊಂದು ತೋಟದ ಯಜಮಾನನ ಮನರಂಜನೆಗೆ ಒದಗಿದ್ದು, ಅವನದೇ ತೋಟದ ದುಡಿಮೆಗಾರರ ಹಾಡು ಅವನಿಗೆ ಗದ್ದಲವಾಗಿಯೇ ಉಳಿದದ್ದು ವಸಾಹತುಶಾಹಿಯ ಕಿವಿ ಎಂಥದೆಂಬುದನ್ನು ತೋರಿಸುತ್ತದೆ.

ಮಲೆನಾಡಿನ ಸುಗ್ಗಿಯ ವಿಷಯವೂ ಹೀಗೆಯೇ. ಫಸಲು ಮನೆಗೆ ಬಂದು ಬೇಸಿಗೆ ಕಾಲಿಟ್ಟ ಮೇಲೆ ಗ್ರಾಮದೇವತೆಯ ಹೆಸರಿನಲ್ಲಿ ಊರಿಗೆ ಊರೇ ಕಟ್ಟುಕಟ್ಟಳೆಗೆ ಒಳಪಟ್ಟು ಆಚರಿಸುವ ಈ ಹಬ್ಬದಲ್ಲಿ ಗಂಡಸರು ಸುತ್ತುಗಟ್ಟಿ ಕುಣಿಯುತ್ತಾರೆ. ವಾಲಗ, ತಮಟೆ, ಕೊಂಬುಗಳ ದನಿಯಲ್ಲಿ ರಾತ್ರಿ ಕರಗುತ್ತದೆ. ಇದೂ ನೃತ್ಯವಾದ್ಯವೇ. ಆದರೆ ವಾಣಿಜ್ಯ ಕಂಪನಿಗಳ ಗಮನ ಇದರತ್ತ ಹರಿಯಲಿಲ್ಲ. ಕನ್ನಡದಲ್ಲಿ ಅವು ಹುಡುಕಿದ್ದು ಆಸ್ಥಾನದ ವಿದ್ವಾಂಸರನ್ನು, ನಾಟಕ ಕಂಪನಿಗಳ ನಟರನ್ನು. ಅವರ ಹೆಸರಿಗೆ ಕೊಳ್ಳುವವರಿದ್ದರು. ಸುಗ್ಗಿಯ ಕುಣಿತಕ್ಕೆ ಕರ್ತೃವಿಲ್ಲ, ಹೆಸರಿಲ್ಲ, ಮೂರು ನಿಮಿಷಕ್ಕೆ ಮುಗಿಯುವ ಅಭ್ಯಾಸವಂತೂ ಇಲ್ಲವೇ ಇಲ್ಲ. ಅದನ್ನು ತನ್ನದೆಂದು ಹೇಳುವ ಊರಿನವರ ಬಳಿ ಯಂತ್ರ ಕೊಳ್ಳುವ ಹಣವೂ ಇರಲಿಲ್ಲ. 1940ರ ದಶಕದ ಕೊನೆಯಲ್ಲಿ ಜಯಚಾಮರಾಜ ಒಡೆಯರ ಔದಾರ್ಯದಿಂದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ಇಂಗ್ಲೆಂಡಿನಲ್ಲಿ ಎಚ್.ಎಂ.ವಿ. ತಟ್ಟೆಗೇರಿದವು. ಲೋಕದ ಸಂಗೀತಕ್ಕೆ ಅದು ದೊಡ್ಡ ಉಪಕಾರವೇ ಸರಿ, ಮಹಾರಾಜರ ಅಭಿರುಚಿಯೂ ಪ್ರಶ್ನಾತೀತ. ಅದೇ ಸಂಸ್ಥಾನದ ಮಲೆಯ ಕುಣಿತಕ್ಕೆ ಅಂಥ ಪೋಷಕರು ದೊರೆಯಲಿಲ್ಲವೆಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಯಂತ್ರ ಮಾಡದ ಕೆಲಸವನ್ನು ಲೇಖನಿ ಸ್ವಲ್ಪಮಟ್ಟಿಗೆ ಮಾಡಿತು. ಹೇಮಾವತಿಯ ದಡದ ಗೊರೂರಿನ ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಗ್ರಹದಲ್ಲಿ ತಮ್ಮ ಸೀಮೆಯ ಪದಗಳನ್ನು ಅಚ್ಚಿಗೆ ತಂದರು. ಪದ ಉಳಿಯಿತು, ಮಟ್ಟು ಕಾಗದಕ್ಕೆ ಇಳಿಯಲಿಲ್ಲ. ಅಮೆರಿಕೆಯಲ್ಲಿ ಜಾನ್ ಲೋಮ್ಯಾಕ್ಸ್ ಮತ್ತು ಮಗ ಅಲನ್ 1933ರಲ್ಲಿಯೇ ಧ್ವನಿಮುದ್ರಣ ಯಂತ್ರವನ್ನು ಮೋಟಾರಿನಲ್ಲಿ ಹೇರಿಕೊಂಡು ದಕ್ಷಿಣದ ತೋಟ, ಸೆರೆಮನೆಗಳಿಗೆ ಹೋಗಿ ಕೆಲಸದ ಹಾಡುಗಳನ್ನು ಸಂಗ್ರಹಿಸಿದ್ದರು. ಆ ಸಂಗ್ರಹ ಅಲ್ಲಿನ ಕಾಂಗ್ರೆಸ್ ಗ್ರಂಥಾಲಯವನ್ನು ಸೇರಿತು. ದಕ್ಷಿಣ ಭಾರತದಲ್ಲಿ ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938-39ರಲ್ಲಿ ಇಂಥ ಪ್ರಯತ್ನ ನಡೆಸಿದರು. 1984ರಲ್ಲಿ ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಅವರ ಜಾಡು ಹಿಡಿದು ಕರ್ನಾಟಕವೂ ಸೇರಿದಂತೆ ಅದೇ ಪ್ರದೇಶಗಳಲ್ಲಿ ಮರು ಅಧ್ಯಯನ ಮಾಡಿದರು. ಕನ್ನಡದ ಜನಪದ ಗಾಯನ ದೊಡ್ಡ ಪ್ರಮಾಣದಲ್ಲಿ ಧ್ವನಿಮುದ್ರಿತವಾಗಲು ಟೇಪು ಬರಬೇಕಾಯಿತು, ಎಚ್.ಎಲ್. ನಾಗೇಗೌಡರಂಥವರು ಅದನ್ನು ಹೊತ್ತು ಹಳ್ಳಿಗಳನ್ನು ಸುತ್ತಬೇಕಾಯಿತು.

ಈ ನಡುವೆ ನೃತ್ಯವಾದ್ಯ ಮೇಳದ ದನಿ ಬೇರೊಂದು ದಾರಿಯಿಂದ ಮಲೆನಾಡಿನ ಅಂಗಳಕ್ಕೆ ಬಂತು. ಮುಂಬಯಿಯ ಹೋಟೆಲುಗಳಲ್ಲಿ ನುಡಿಸುತ್ತಿದ್ದ ಗೋವೆಯ ವಾದಕರು ಹಿಂದಿ ಚಿತ್ರಗಳ ಸಂಗೀತಶಾಲೆಗಳಿಗೆ ಕಾಲಿಟ್ಟರು. ಸಿ. ರಾಮಚಂದ್ರ ಅವರ ಸಂಗೀತವಿದ್ದ 1951ರ ‘ಅಲ್ಬೇಲಾ’ ಚಿತ್ರದ ಹಾಡುಗಳಲ್ಲಿ ಚಿಕ್ ಚಾಕೊಲೇಟ್ ಅವರ ಕೈವಾಡ ಸ್ಪಷ್ಟವಾಗಿ ಕೇಳಿಸುತ್ತದೆ. ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕನ್ನಡ ಚಿತ್ರಗಳಿಗೂ ಕ್ಲಾರಿನೆಟ್, ಸ್ಯಾಕ್ಸೊಫೋನ್, ಗಿಟಾರುಗಳು ಬಂದವು. ಚಿತ್ರರಂಗದ ಹೊರಗೆ ಪಿ. ಕಾಳಿಂಗರಾಯರು ಭಾವಗೀತೆಗಳ ಜೊತೆಗೆ ಜನಪದ ಗೀತೆಗಳನ್ನೂ ವಾದ್ಯವೃಂದದೊಡನೆ ಹಾಡಿ ತಟ್ಟೆಗೆ ತಂದರು. ಇದರಲ್ಲಿ ಹಳ್ಳಿಯ ಮಟ್ಟು ಪಟ್ಟಣದ ಉಡುಪು ತೊಟ್ಟಿತೆಂಬ ಆಕ್ಷೇಪ ಉಂಟು. ಆದರೆ ಜನಪದ ಗೀತೆ ಮಧ್ಯಮ ವರ್ಗದ ಮನೆಗಳಲ್ಲಿ ಗೌರವದಿಂದ ಕೇಳುವ ವಸ್ತುವಾದದ್ದರಲ್ಲಿ ಆ ತಟ್ಟೆಗಳ ಪಾಲು ದೊಡ್ಡದು. ಮದುವೆಗೂ ಜಾತ್ರೆಗೂ ಬಾಡಿಗೆಗೆ ಬರುತ್ತಿದ್ದ ಮೈಕ್ ಸೆಟ್ಟಿನವನ ಪೆಟ್ಟಿಗೆಯಲ್ಲಿ ಇವೆಲ್ಲವೂ ಒಟ್ಟಿಗೆ ಇರುತ್ತಿದ್ದವು. ಇಂಗ್ಲೆಂಡಿನಲ್ಲಿ 1960ರ ಸುಮಾರಿಗೆ ನಿಂತುಹೋದ 78 ಸುತ್ತಿನ ತಟ್ಟೆ ಭಾರತದಲ್ಲಿ ಆ ದಶಕದ ಉತ್ತರಾರ್ಧದವರೆಗೂ ನಡೆಯಿತು. ಬೀಟಲ್ಸ್ ತಂಡದ ಹಾಡುಗಳು ಸಹ ಇಲ್ಲಿ ಅರಗಿನ ತಟ್ಟೆಯಲ್ಲಿ ಬಂದವೆಂಬುದು ಹೊರದೇಶದ ಸಂಗ್ರಾಹಕರಿಗೆ ಇಂದಿಗೂ ಸೋಜಿಗ. ವಿದ್ಯುತ್ತು ಮುಟ್ಟದ ಊರುಗಳಲ್ಲಿ ಕೀಲಿಯ ಯಂತ್ರ ಇನ್ನೂ ತಿರುಗುತ್ತಿದ್ದುದನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ಎಸ್.ಕೆ. ಕರೀಂಖಾನರನ್ನು ಇಲ್ಲಿ ನೆನೆಯದೆ ಮುಂದೆ ಹೋಗುವಂತಿಲ್ಲ. ಸಕಲೇಶಪುರದಲ್ಲಿ ಹುಟ್ಟಿ, ‘ಜಾನಪದ ಜಂಗಮ’ರೆಂದು ನಾಡಿನ ಮನ್ನಣೆ ಪಡೆದು, 2006ರಲ್ಲಿ ನಿಧನರಾದ ಅವರು ಜನಪದ ಗೀತೆಗಳನ್ನು ಸಂಗ್ರಹಿಸಿದ್ದಷ್ಟೇ ಅಲ್ಲ, ಊರೂರಿಗೆ ಹೋಗಿ ಹಾಡಿ ವಿವರಿಸಿದರು. 1962ರ ‘ಸ್ವರ್ಣಗೌರಿ’ ಮೊದಲಾದ ಚಿತ್ರಗಳಿಗೆ ಗೀತೆಗಳನ್ನು ಬರೆದವರೂ ಅವರೇ. ಬೇರೆಯವರ ಕಂಠದಲ್ಲಿ ಅವರ ಮಾತು ತಟ್ಟೆಗೇರಿತು. ಅವರು ಕೂಡಿಟ್ಟ ಹಳ್ಳಿಯ ಪದಗಳು ಮಾತ್ರ ಅವರ ಕಂಠವನ್ನೇ ನೆಚ್ಚಿಕೊಂಡಿದ್ದವು. ತಟ್ಟೆಯ ಲೋಕ ಮತ್ತು ಸುಗ್ಗಿಯ ಲೋಕ ಎರಡಕ್ಕೂ ಸಲ್ಲುವ ವ್ಯಕ್ತಿತ್ವ ಈ ಬೆಟ್ಟಗಳಿಂದಲೇ ಮೂಡಿಬಂದದ್ದನ್ನು ಸಂಶೋಧಕರು ಇನ್ನಷ್ಟು ಗಮನಿಸಬೇಕಾಗಿದೆ.

ಸ್ವಾತಂತ್ರ್ಯಾನಂತರ ಯುರೋಪಿಯನ್ನರ ತೋಟಗಳು ಒಂದೊಂದಾಗಿ ಭಾರತೀಯರ ಕೈಸೇರಿದವು. ಬಂಗಲೆಯ ಸರಂಜಾಮಿನೊಡನೆ ಉಳಿಯುವ ತಟ್ಟೆಗಳನ್ನು ಯಾರೂ ಆಸ್ತಿಯ ಪಟ್ಟಿಯಲ್ಲಿ ಬರೆಯುವುದಿಲ್ಲ. ಮಲೆನಾಡಿನ ಹವೆ ಅವುಗಳಿಗೆ ಶತ್ರು. ಮಳೆಗಾಲದ ತೇವಕ್ಕೆ ಬೂಷ್ಟು ಗೆರೆಗಳೊಳಗೆ ಕೂರುತ್ತದೆ. ತೇವಕ್ಕೆ ಹೆದರಿ ಮೆಣಸು, ಏಲಕ್ಕಿಯ ಹಾಗೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರೆ ಶಾಖಕ್ಕೆ ತಟ್ಟೆ ಸೊಟ್ಟಗಾಗುತ್ತದೆ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನದು ಬಿರಿಯುತ್ತದೆ. ನೆಟ್ಟಗೆ ನಿಲ್ಲಿಸಿ, ಗಾಳಿಯಾಡುವ ತಂಪಾದ ಕೋಣೆಯಲ್ಲಿ ಇಡಬೇಕು. ಬೂಷ್ಟನ್ನು ಬಟ್ಟಿ ಇಳಿಸಿದ ನೀರಿನಿಂದ, ಚೀಟಿ ನೆನೆಯದಂತೆ, ಮೆದುವಾದ ಬಟ್ಟೆಯಲ್ಲಿ ಒರೆಸಬಹುದು. ಸ್ಪಿರಿಟ್ ಮಾತ್ರ ತಾಗಿಸಕೂಡದು. ಮರಗೆಲಸದವರು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ ಎಂಬುದನ್ನು ಮರೆತ ಅನೇಕರು ಶುಚಿ ಮಾಡುವ ಭರದಲ್ಲಿ ಹಾಡನ್ನೇ ಅಳಿಸಿದ್ದಾರೆ.

ಸೂಚೀಕರಣ ಮಾಡುವವರು ಹಾಡಿನ ಹೆಸರಿಗೆ ತೃಪ್ತರಾಗಬಾರದು. ಚೀಟಿಯ ಮೇಲಿನ ಮಾರಾಟದ ಸಂಖ್ಯೆ ಬೇರೆ, ಚೀಟಿಯ ಹೊರಗೆ ಅರಗಿನ ಮೇಲೆಯೇ ಕೆತ್ತಿದ ಅಚ್ಚಿನ ಸಂಖ್ಯೆ ಬೇರೆ. ಎಚ್.ಎಂ.ವಿ.ಯ ನೃತ್ಯಸರಣಿಗೆ ‘ಬಿಡಿ’, ಕೊಲಂಬಿಯಾದ್ದಕ್ಕೆ ‘ಎಫ್‌ಬಿ’ ಎಂಬ ಮೊದಲಕ್ಷರಗಳಿರುತ್ತವೆ. ಧ್ವನಿಮುದ್ರಣ ನಡೆದ ಊರು ಮತ್ತು ದಿನವನ್ನು ಕಂಪನಿಯ ದಫ್ತರಗಳೊಡನೆ ತಾಳೆ ನೋಡಲು ನೆರವಾಗುವುದು ಅಚ್ಚಿನ ಸಂಖ್ಯೆ. ಭಾರತದಲ್ಲಿ ತಯಾರಾದುದೆಂಬ ಒಕ್ಕಣೆಯಿದ್ದರೆ ಅದು ಡಂಡಂ ಕಾರ್ಖಾನೆಯ ದಿಕ್ಕನ್ನು ತೋರಿಸುತ್ತದೆ. ಮಾರಿದ ಅಂಗಡಿಯ ಪುಟ್ಟ ಚೀಟಿ ಕೆಲವು ತಟ್ಟೆಗಳ ಅಂಚಿಗೆ ಇನ್ನೂ ಅಂಟಿಕೊಂಡಿರುತ್ತದೆ. ತಟ್ಟೆ ಯಾವ ಊರಿನಿಂದ ಈ ಬೆಟ್ಟವನ್ನು ಹತ್ತಿತೆಂಬುದಕ್ಕೆ ಅದೇ ಆಧಾರ, ಒರೆಸುವಾಗ ಅದನ್ನು ಕೀಳಬಾರದು. ತಟ್ಟೆ ಒಡೆದಿದ್ದರೂ ಸಂಖ್ಯೆ ಕಾಣುವ ಚೂರನ್ನು ಎತ್ತಿಡಬೇಕು.